ಬಹಳ ಶ್ರಮ ಪಡುತ್ತಾಳೆ ಎಂದು ಬರೆದೆ

ಬುಧವಾರ ಇಲ್ಲಿನ ಡಚ್ ಶಾಲೆಗಳು ಮಧ್ಯಾಹ್ನಕ್ಕೇ ಬಿಟ್ಟುಬಿಡುತ್ತವೆ. ಒಂದೂವರೆಗೆ ನಮ್ಮ ತರಗತಿ ಶುರು. ರೈಸ್‌ವೈಕ್‌ನಲ್ಲಿ ಖಾಲಿ ಬಿದ್ದಿದ್ದ ಒಂದು ಆಫೀಸು ಕಟ್ಟಡದ ಕೆಳಗಿನ ಅಂತಸ್ತನ್ನು ಘಾನಾದವರ ಒಂದು ಚರ್ಚು ಬಾಡಿಗೆಗೆ ಹಿಡಿದಿತ್ತು. ಭಾನುವಾರ ಅಲ್ಲಿ ಡ್ರಮ್ಮು, ಹಾಡು, ಪ್ರಾರ್ಥನೆ. ಬುಧವಾರ ಮತ್ತು ಶನಿವಾರ ನಾನು ಕುರ್ಚಿಗಳನ್ನು ಗೋಡೆಗೆ ಒತ್ತರಿಸಿ, ಮಡಚುವ ಮೇಜುಗಳನ್ನು ಬಿಚ್ಚಿ, ಹದಿನಾಲ್ಕು ಮಕ್ಕಳಿಗೆ ಗಣಿತ ಮತ್ತು ಡಚ್ ಓದು ಹೇಳಿಕೊಡುತ್ತಿದ್ದೆ. ಬಿಸಿಗಾಳಿಯ ಯಂತ್ರ ಕೈಕೊಟ್ಟ ದಿನ ಎಲ್ಲರೂ ಜಾಕೆಟ್ ಹಾಕಿಕೊಂಡೇ ಭಾಗಾಕಾರ ಮಾಡುತ್ತಿದ್ದರು.

ಅದು ಮೂವರು ಸೇರಿ ನಡೆಸುತ್ತಿದ್ದ ಕೆಲಸ. ಜಾಗ ಚರ್ಚಿನದು, ಮಕ್ಕಳು ಹತ್ತಿರದ ಒಂದು ಶಾಲೆಯವರು, ನನ್ನನ್ನು ನೇಮಿಸಿಕೊಂಡಿದ್ದು ಬಡಾವಣೆಯ ಸಮುದಾಯ ಕೇಂದ್ರ. ಆ ಶಾಲೆಯಿಂದ ಕಪ್ಪು ಮಕ್ಕಳು ವರ್ಷ ವರ್ಷವೂ ತಮ್ಮ ಯೋಗ್ಯತೆಗಿಂತ ಕೆಳಗಿನ ದಾರಿಗೆ ಹೋಗುತ್ತಿದ್ದಾರೆ ಎಂದು ಚರ್ಚಿನ ತಂದೆತಾಯಿಗಳು ಗಟ್ಟಿಯಾಗಿ ಹೇಳಿದ್ದರು. ಶಾಲೆ ಅದನ್ನು ಮೆತ್ತಗೆ ಒಪ್ಪಿಕೊಂಡಿತ್ತು. ಹಾಗೆ ಹುಟ್ಟಿದ್ದು ಈ ಒಪ್ಪಂದ.

ದಾರಿ ಅಂದರೆ ಏನು ಅಂತ ಹೇಳಬೇಕು. ಇಲ್ಲಿ ಮಗುವಿಗೆ ಹನ್ನೆರಡು ತುಂಬುವ ಹೊತ್ತಿಗೆ, ಪ್ರಾಥಮಿಕ ಶಾಲೆಯ ಕೊನೆಯ ವರ್ಷವಾದ ಎಂಟನೇ ತರಗತಿಯಲ್ಲಿ, ಶಾಲೆ ಒಂದು ‘ಅಡ್ವೀಸ್’ ಕೊಡುತ್ತದೆ. ಹೆಸರಿಗೆ ಸಲಹೆ, ನಿಜದಲ್ಲಿ ತೀರ್ಪು. ವಿಎಂಬಿಒ ಅಂದರೆ ಕೈಕಸುಬು, ವೃತ್ತಿಗಳ ಕಡೆಯ ದಾರಿ. ಹಾವೊ ನಡುವಿನದು. ವಿಡಬ್ಲ್ಯುಒ ನೇರ ವಿಶ್ವವಿದ್ಯಾಲಯಕ್ಕೆ. ಜನವರಿಯಲ್ಲಿ ಮೊದಲ ಅಡ್ವೀಸ್, ಫೆಬ್ರವರಿಯಲ್ಲಿ ಒಂದು ಪರೀಕ್ಷೆ, ಮಾರ್ಚಿನಲ್ಲಿ ಕೊನೆಯ ಅಡ್ವೀಸ್. ಕೆಳಗಿನ ದಾರಿಯಿಂದ ಮೇಲೆ ಹತ್ತಲು ಆಮೇಲೂ ಮೆಟ್ಟಿಲುಗಳಿವೆ ಎಂದು ಎಲ್ಲರೂ ಹೇಳುತ್ತಾರೆ. ಹತ್ತಿದವರನ್ನು ನಾನು ಇಲ್ಲಿಯವರೆಗೆ ಇಬ್ಬರನ್ನು ಮಾತ್ರ ನೋಡಿದ್ದೇನೆ.

ಒಪ್ಪಂದದಲ್ಲಿ ಇನ್ನೊಂದು ಮಾತಿತ್ತು. ಆರು ವಾರಕ್ಕೊಮ್ಮೆ ನಾನು ಪ್ರತಿ ಮಗುವಿನ ಬಗ್ಗೆ ಶಾಲೆಗೆ ಟಿಪ್ಪಣಿ ಕಳಿಸಬೇಕು. ತಂದೆಯೋ ತಾಯಿಯೋ ಒಪ್ಪಿ ಸಹಿ ಹಾಕಿರಬೇಕು. ಎರಡು ಸಾಲು ಬರೆದರೆ ಸಾಕಿತ್ತು. ಆದರೆ ನಾನು ಗದಗಿನ ಹೈಸ್ಕೂಲಿನಲ್ಲಿ ಮಾರ್ಕ್ಸ್ ಕಾರ್ಡಿನ ಷರಾ ಕಾಲಮ್ಮನ್ನು ಅಂಚಿನವರೆಗೂ ತುಂಬಿಸುತ್ತಿದ್ದವಳು. ಡಚ್ ಕಲಿತ ಮೇಲೆ ಆ ಚಟ ಡಚ್ಚಿಗೂ ಅಂಟಿಕೊಂಡಿತು. ತಲೆಗೆ ಎರಡು ಪುಟ ಬರೆಯುತ್ತಿದ್ದೆ. ಯಾವ ಲೆಕ್ಕ, ಎಷ್ಟು ಸಲ, ಎಲ್ಲಿ ಎಡವಿದರು, ಯಾವಾಗ ಹಿಡಿತ ಸಿಕ್ಕಿತು, ಎಲ್ಲವೂ. ಕೇಂದ್ರದ ನನ್ನ ಮೇಲಧಿಕಾರಿ, ಡಚ್ಚರ ಹಳೆಯ ವಸಾಹತಾದ ಸುರಿನಾಮ್ ಮೂಲದ ಹಿರಿಯ ಹೆಂಗಸು, ಅದನ್ನು ನೋಡಿ ನಗುತ್ತಿದ್ದರು. ಎರಡು ಸಾಲು ಸಾಕು, ಇಷ್ಟೆಲ್ಲ ಯಾರು ಓದುತ್ತಾರೆ ಎಂದು ಕೇಳುತ್ತಿದ್ದರು. ಓದುತ್ತಾರೆ, ಯಾರೋ ಓದುತ್ತಾರೆ ಎಂದು ನಾನು ಬೀಗುತ್ತಿದ್ದೆ.

ಈಗ ಆ ಹದಿನಾಲ್ಕು ಮಕ್ಕಳಲ್ಲಿ ಒಬ್ಬ ಹುಡುಗಿಯ ವಿಷಯ. ಹನ್ನೊಂದು ವರ್ಷ, ಎಂಟನೇ ತರಗತಿ. ತಾಯಿ ಘಾನಾದವರು, ಆಸ್ಪತ್ರೆಯೊಂದರಲ್ಲಿ ಕ್ಲೀನಿಂಗ್ ಕೆಲಸ ಮಾಡುತ್ತಿದ್ದರು. ಹುಡುಗಿಗಿಂತ ಎರಡು ವರ್ಷ ಚಿಕ್ಕವಳು ಒಬ್ಬ ತಂಗಿ. ಹುಡುಗಿ ತರಗತಿಗೆ ಎಲ್ಲರಿಗಿಂತ ಮೊದಲು ಬಂದು ಮೇಜು ಬಿಚ್ಚುತ್ತಿದ್ದಳು. ಇಲ್ಲಿ ಮಕ್ಕಳು ಟೀಚರಮ್ಮನನ್ನು ‘ಯೂಫ್’ ಅನ್ನುತ್ತಾರೆ. ಯೂಫ್, ಇವತ್ತು ಕಷ್ಟದ್ದು ಕೊಡಿ ಎಂದು ಅವಳೇ ಕೇಳುತ್ತಿದ್ದಳು. ಹಾಗೆ ಕೇಳುವ ಮಗು ಸಿಕ್ಕಿದರೆ ಗಣಿತದ ಟೀಚರಿಗೆ ಇನ್ನೇನು ಬೇಕು.

ಅಕ್ಟೋಬರ್‌ನಲ್ಲಿ ಮಕ್ಕಳನ್ನು ಡೆಲ್ಫ್ಟ್‌ಗೆ, ನನ್ನ ಗಂಡ ಕೆಲಸ ಮಾಡುವ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಉದ್ದನೆಯ ತೊಟ್ಟಿಯಲ್ಲಿ ಅಲೆ ಎಬ್ಬಿಸಿ, ಅದು ಒಡ್ಡಿಗೆ ಬಡಿಯುವುದನ್ನು ಅಳೆಯುತ್ತಾರೆ. ಉಳಿದ ಮಕ್ಕಳು ನೀರು ಮೈಮೇಲೆ ಹಾರಿದ್ದಕ್ಕೆ ಕಿರುಚುತ್ತಿದ್ದರೆ ಇವಳು ತೊಟ್ಟಿಯ ಆ ತುದಿಗೆ ಹೋಗಿ ನಿಂತಳು. ಗೋಡೆಗೆ ಬಡಿದ ಅಲೆ ವಾಪಸ್ ಬರುತ್ತಲ್ಲ, ಅದು ಹೊಸ ಅಲೆ ಜೊತೆ ಸೇರಿಬಿಟ್ಟರೆ ನಿಮ್ಮ ಲೆಕ್ಕ ತಪ್ಪಾಗಲ್ವಾ ಎಂದು ಕೇಳಿದಳು. ನನ್ನ ಗಂಡ ಮೊಣಕಾಲೂರಿ ಕೂತು, ಆ ವಾಪಸ್ ಅಲೆಯನ್ನು ನುಂಗಿಹಾಕಲು ಯಂತ್ರಕ್ಕೆ ಹೇಗೆ ಹೇಳಿಕೊಟ್ಟಿದ್ದಾರೆ ಎಂದು ಇಪ್ಪತ್ತು ನಿಮಿಷ ವಿವರಿಸಿದರು. ಟ್ರಾಮಿನಲ್ಲಿ ಮನೆಗೆ ಬರುವಾಗ, “ಈ ಹುಡುಗಿ ಕೇಳಿದ ಪ್ರಶ್ನಿ ನಮ್ಮ ಮಾಸ್ಟರ್ಸ್ ಹುಡುಗರು ಸುದ್ದಾ ಕೇಳಂಗಿಲ್ಲ ನೋಡು” ಅಂದರು. ಹುಡುಗಿ ಅವತ್ತಿನಿಂದ ತಾನು ನೀರಿನ ಎಂಜಿನಿಯರ್ ಆಗುತ್ತೇನೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಳು. ಅದಕ್ಕೆ ವಿಡಬ್ಲ್ಯುಒ ಬೇಕು, ಕಡಿಮೆಯೆಂದರೆ ಹಾವೊ.

ಅವಳ ತೊಡಕು ಗಣಿತವಲ್ಲ, ಓದು. ಪರೀಕ್ಷೆಯ ಗದ್ಯಭಾಗಗಳಲ್ಲಿ ಬರುವ ಲೋಕ ಅವಳದಲ್ಲ. ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಫ್ರಾನ್ಸಿಗೆ ರಜೆಗೆ ಹೋಗುವ ಮನೆಯವರು, ಅಜ್ಜನ ಹಾಯಿದೋಣಿ, ಹೆಪ್ಪುಗಟ್ಟಿದ ಕಾಲುವೆಯ ಮೇಲೆ ಸ್ಕೇಟಿಂಗ್. ನಾನಾದರೂ ಎಲ್ಲಿ ಕಂಡಿದ್ದೆ. ಒಂದು ಶನಿವಾರ ಟೆಂಟಿನ ಯಾವ ಹಗ್ಗವನ್ನು ಯಾವ ಗೂಟಕ್ಕೆ ಬಿಗಿಯುತ್ತಾರೆ ಅನ್ನುವ ಪ್ಯಾರಾದ ಮುಂದೆ ನಾವಿಬ್ಬರೂ ಅರ್ಧ ಗಂಟೆ ಪೆದ್ದುಪೆದ್ದಾಗಿ ಕೂತಿದ್ದೆವು. ಕೊನೆಗೆ ಒಂದು ದಾರಿ ಹಿಡಿದೆ. ಗೊತ್ತಿಲ್ಲದ ವಸ್ತುವಿಗೆಲ್ಲ ಪೆನ್ಸಿಲಿನಲ್ಲಿ ‘ಕ’, ‘ಖ’ ಎಂಬಂತೆ ಒಂದೊಂದು ಗುರುತು. ಆದರೆ, ಆದ್ದರಿಂದ, ಹಾಗಿದ್ದರೂ ಎನ್ನುವ ಪದಗಳಿಗೆ ಅಡಿಗೆರೆ. ಸಮೀಕರಣ ಬಿಡಿಸಿದಂತೆ ಗದ್ಯ ಬಿಡಿಸುವುದು. ಅವಳಿಗೆ ಇದು ಹಿಡಿಸಿತು. ಸೆಪ್ಟೆಂಬರ್‌ನಲ್ಲಿ ಹತ್ತಕ್ಕೆ ನಾಲ್ಕು ಸರಿ ಮಾಡುತ್ತಿದ್ದವಳು ಡಿಸೆಂಬರ್‌ಗೆ ಎಂಟಕ್ಕೆ ಬಂದಳು.

ನಾನು ಇದನ್ನೆಲ್ಲ ಹೊಟ್ಟೆ ತುಂಬಾ ಖುಷಿಯಿಂದ ಬರೆದೆ. ‘ಒಂದೇ ಬಗೆಯ ಪ್ರಶ್ನೆಯನ್ನು ಮೂರು ಸಲ ಮಾಡಿಸಿದೆ, ನಾಲ್ಕನೆಯ ಸಲ ಸರಿ ಮಾಡಿದಳು. ಎರಡು ಗಂಟೆ ಕೂರಿಸಿದರೂ ಏಳುವುದಿಲ್ಲ. ಶನಿವಾರವೂ ತಪ್ಪಿಸುವುದಿಲ್ಲ. ಬಹಳ ಶ್ರಮ ಪಡುತ್ತಾಳೆ.’ ನಮ್ಮ ಕಡೆ ಒಬ್ಬ ಟೀಚರು ಒಂದು ಮಗುವಿನ ಬಗ್ಗೆ ಇದಕ್ಕಿಂತ ದೊಡ್ಡ ಮಾತು ಆಡಲಾರರು. ಬುದ್ಧಿ ಯಾರಿಗಿಲ್ಲ, ಕೂತು ಮಾಡುವ ಮನಸ್ಸಿರಬೇಕು ಎಂದೇ ನಾವು ಬೆಳೆದದ್ದು. ಟ್ಯೂಷನ್ನಿಗೆ ಹೋಗುತ್ತಾಳೆ ಅಂದರೆ ಮನೆಯವರಿಗೆ ಓದಿನ ಮೇಲೆ ಅಕ್ಕರೆ ಇದೆ ಎಂದರ್ಥ. ತಾಯಿಗೂ ಆ ಟಿಪ್ಪಣಿ ಓದಿ ಹೇಳಿದೆ. ಅವರು ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಿ, ಸಹಿ ಹಾಕಿದರು.

ಜನವರಿಯಲ್ಲಿ ಶಾಲೆಯಿಂದ ಕರೆ ಬಂತು. ಅಡ್ವೀಸ್ ತಿಳಿಸುವ ಹತ್ತು ನಿಮಿಷದ ಭೇಟಿ. ಹತ್ತು ಅಂದರೆ ಹತ್ತೇ. ತಾಯಿ ನನ್ನನ್ನು ಜೊತೆಗೆ ಬರಲು ಕೇಳಿಕೊಂಡರು. ಅವರು ನನ್ನನ್ನು ಸಿಸ್ಟರ್ ಅನ್ನುತ್ತಿದ್ದರು. ಒಳಗೆ ಹೋದಾಗ ತಾನು ಏನು ಮಾತಾಡಬೇಕು ಎಂದು ವಿಚಾರಿಸಿದರು. ನಾನು ಹೇಳಿದ್ದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಟೀಚರಿಗೆ ಎದುರು ಮಾತಾಡಬೇಡಿ, ಮೊದಲು ಥ್ಯಾಂಕ್ಸ್ ಹೇಳಿ, ಅವರಿಗೆ ಎಲ್ಲ ಗೊತ್ತಿರುತ್ತದೆ ಎಂದೆ. ತಾಯಿಗೆ ಆ ಮಾತು ಹೊಸದೇನೂ ಆಗಿರಲಿಲ್ಲ. ಅವರ ಊರಿನಲ್ಲೂ ಹಾಗೆಯೇ ಅಂತೆ, ಟೀಚರ ಮುಂದೆ ತಂದೆತಾಯಿ ಕುರ್ಚಿಯಲ್ಲಿ ಹಿಂದಕ್ಕೆ ಒರಗುವುದೂ ಇಲ್ಲವಂತೆ.

ಶಿಕ್ಷಕಿ ಚಿಕ್ಕ ವಯಸ್ಸಿನವಳು, ಬಿಳಿಯಳು, ನಿಜಕ್ಕೂ ಒಳ್ಳೆಯವಳು. ಹುಡುಗಿಯನ್ನು ಕಂಡರೆ ಅವಳಿಗೆ ಪ್ರೀತಿಯಿತ್ತು. ಇದನ್ನು ನಾನು ಸುಮ್ಮನೆ ಉಪಚಾರಕ್ಕೆ ಹೇಳುತ್ತಿಲ್ಲ. ಕೆಟ್ಟವಳಾಗಿದ್ದರೆ ನನಗೆ ಆಮೇಲೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಕಾಫಿ ಕೊಟ್ಟಳು. ಹುಡುಗಿಯ ಗುಣ ಹೊಗಳಿದಳು. ಆಮೇಲೆ ಅಡ್ವೀಸ್ ಹೇಳಿದಳು: ವಿಎಂಬಿಒ, ಅದರಲ್ಲೂ ಕೆಳಗಿನಿಂದ ಎರಡನೆಯ ಹಂತ.

ತಾಯಿ ನನ್ನ ಕಡೆ ನೋಡಿದರು. ನಾನು ಏನೋ ಲೆಕ್ಕ ತಪ್ಪಿರಬೇಕು ಎಂದುಕೊಂಡೆ. ಶಿಕ್ಷಕಿ ಫೈಲು ತೆರೆದು ನನ್ನ ಟಿಪ್ಪಣಿಗಳನ್ನು ಹೊರಗೆ ತೆಗೆದಳು. ಯಾರೋ ಓದುತ್ತಾರೆ ಅಂದಿದ್ದೆನಲ್ಲ, ಓದಿದ್ದಳು. ಸಾಲು ಸಾಲಿಗೂ ಹಳದಿ ಬಣ್ಣ ಬಳಿದಿದ್ದಳು. ಮೂರು ಸಲ ಮಾಡಿಸಿದೆ, ಅದಕ್ಕೆ ಹಳದಿ. ಎರಡು ಗಂಟೆ, ಹಳದಿ. ಶನಿವಾರವೂ, ಹಳದಿ. ಬಹಳ ಶ್ರಮ ಪಡುತ್ತಾಳೆ ಅನ್ನುವುದಕ್ಕೆ ಹಳದಿಯ ಜೊತೆಗೆ ಒಂದು ಅಡಿಗೆರೆ.

“ನೀವು ಬರೆದಿದ್ದು ನಮಗೆ ತುಂಬಾ ಸಹಾಯ ಆಯ್ತು,” ಅಂದಳು ನನಗೆ. “ಕ್ಲಾಸಲ್ಲಿ ಚೆನ್ನಾಗಿ ಮಾಡ್ತಾಳೆ, ಹೇಗೆ ಅಂತ ನಮಗೆ ಗೊತ್ತಾಗ್ತಿರಲಿಲ್ಲ. ಈಗ ಗೊತ್ತಾಯ್ತು. ಇಷ್ಟೊಂದು ಒತ್ತಾಸೆ ಇರೋದ್ರಿಂದ ಅವಳು ಇಲ್ಲಿವರೆಗೂ ಬಂದಿದಾಳೆ. ಈಗಾಗಲೇ ಕೈಲಾದಷ್ಟೂ ಮಾಡಿ ಆಗಿದೆ, ಇನ್ನು ಮೇಲಕ್ಕೆ ಜಾಗ ಇಲ್ಲ. ಹಾವೊಗೆ ಹೋದ್ರೆ ಪಾಪ, ಮುರಿದುಹೋಗ್ತಾಳೆ.”

ನಾನು ಆ ಹಳದಿ ಸಾಲುಗಳನ್ನೇ ಮತ್ತೆ ಓದಿದೆ. ಮೊದಲೇ ತಾಯಿಗೆ ಪಾಠ ಹೇಳಿಕೊಟ್ಟಿದ್ದೆನಲ್ಲ, ಅವರು ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಥ್ಯಾಂಕ್ಸ್ ಹೇಳಿದರು, ಎದ್ದು ನಿಂತು ಕೈಕುಲುಕಿದರು. ‘ಪೋಷಕರು ಒಪ್ಪಿದ್ದಾರೆ’ ಅನ್ನುವ ಚೌಕದಲ್ಲಿ ಶಿಕ್ಷಕಿ ಗುರುತು ಹಾಕಿದ್ದನ್ನು ನಾನು ಕಣ್ಣಾರೆ ಕಂಡೆ. ಹೊರಗೆ ಮುಂದಿನ ತಂದೆತಾಯಿ ಕಾಯುತ್ತಿದ್ದರು. ಇಬ್ಬರೂ ಸೈಕಲ್ ಸ್ಟ್ಯಾಂಡಿನವರೆಗೆ ನಡೆದೆವು. ಅಲ್ಲಿ ತಾಯಿ ಕೇಳಿದ್ದು ಒಂದೇ ಪ್ರಶ್ನೆ: “ಸಿಸ್ಟರ್, ಕಷ್ಟಪಟ್ಟು ಓದೋದು ಇಲ್ಲಿ ತಪ್ಪಾ?”

ಅದೇ ವಾರ ನನ್ನ ಮಗಳದ್ದೂ ಅಡ್ವೀಸ್ ಬಂತು. ಅವಳೂ ಎಂಟನೇ ತರಗತಿ, ರೈಸ್‌ವೈಕ್‌ನ ಬೇರೆ ಶಾಲೆ. ಮಗಳು ಜಾಣೆ, ಇಲ್ಲ ಅನ್ನುವುದಿಲ್ಲ. ಆದರೆ ಭಿನ್ನರಾಶಿ ಕಂಡರೆ ಅವಳಿಗೆ ಹೊಟ್ಟೆನೋವು ಬರುತ್ತಿತ್ತು. ವಾರಕ್ಕೆ ನಾಲ್ಕು ದಿನ ಊಟದ ಮೇಜಿನ ಬಳಿ ನಾನು, ಎರಡು ದಿನ ಆನ್‌ಲೈನಿನಲ್ಲಿ ನನ್ನ ಗಂಡನ ಒಬ್ಬ ವಿದ್ಯಾರ್ಥಿ ಹೇಳಿಕೊಡುತ್ತಿದ್ದೆವು. ಮೂರು ಸಲವಲ್ಲ, ಹತ್ತು ಸಲ ಮಾಡಿಸಿದ ಲೆಕ್ಕಗಳಿವೆ. ಅವಳ ಟೀಚರು ಅದನ್ನು ಕೇಳಲೂ ಇಲ್ಲ, ನಾವು ಹೇಳಲೂ ಇಲ್ಲ. ಮನೆಯ ವಾತಾವರಣ ಚೆನ್ನಾಗಿದೆ, ತಂದೆ ಡೆಲ್ಫ್ಟ್‌ನಲ್ಲಿದ್ದಾರೆ, ಮಗು ಹೊಂದಿಕೊಂಡು ಹೋಗುತ್ತದೆ ಎಂದರು. ವಿಡಬ್ಲ್ಯುಒ ಕೊಟ್ಟರು. ನಾವು ಬೆಳಿಗ್ಗೆಯೇ ಶ್ಯಾವಿಗೆ ಪಾಯಸ ಮಾಡಿಟ್ಟಿದ್ದೆವು. ನಾನು ಒಂದು ಚಮಚ ಬಾಯಿಗಿಟ್ಟುಕೊಂಡು ಬಚ್ಚಲಿಗೆ ಹೋಗಿ ಅತ್ತೆ.

ಗಂಡ ಬಾಗಿಲ ಹೊರಗೆ ನಿಂತು, “ನೀ ಬರದದ್ದರಾಗ ಸುಳ್ಳೇನೈತಿ? ಖರೇನೇ ಬರದೀ” ಅಂದರು. ಸಮಾಧಾನಕ್ಕೆ ಅಂದದ್ದು. ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಮಗಳ ಬಗ್ಗೆ ಅದೇ ಖರೇನ ಯಾರೂ ಬರೆಯಲಿಲ್ಲವಲ್ಲ ಎಂದು ಕಿರುಚಿದೆ. ಮಗಳು ತನ್ನಿಂದಲೇ ಏನೋ ತಪ್ಪಾಯಿತೆಂದು ಪಾಯಸದ ಬಟ್ಟಲು ಹಿಡಿದು ನಿಂತೇ ಇದ್ದಳು. ಅವಳಿಗೆ ಬಿಡಿಸಿ ಹೇಳಲು ನನಗೆ ಎರಡು ದಿನ ಬೇಕಾಯಿತು.

ಆ ಶನಿವಾರ ಸಂಜೆ ಕನ್ನಡದವರು ಸೇರಿ ಸಂಕ್ರಾಂತಿ ಇಟ್ಟುಕೊಂಡಿದ್ದರು. ಎಳ್ಳುಬೆಲ್ಲ ಕೊಡುತ್ತಾ ಒಬ್ಬ ಗೆಳತಿ, ಬೆಂಗಳೂರಿನವಳು, ಅವರ ಮಧ್ಯೆ ಹೆಂಗೆ ಕೆಲಸ ಮಾಡ್ತೀರಾ, ಒಬ್ಬರೇ ಹೋಗೋಕೆ ಭಯ ಆಗಲ್ವಾ ಎಂದು ಮೆಲ್ಲಗೆ ಕೇಳಿದಳು. ಅವರು ಅಂದರೆ ಯಾರು ಎಂದು ಕೇಳಬೇಕಿತ್ತು. ನನ್ನ ಮಗಳ ವಯಸ್ಸಿನ ಹುಡುಗಿ ಕಣೇ, ಮೇಜು ಬಿಚ್ಚುತ್ತಾಳೆ ಎಂದು ಹೇಳಬೇಕಿತ್ತು. ನಾನು ನಕ್ಕು, ಇಲ್ಲಪ್ಪ ಹಾಗೇನಿಲ್ಲ ಎಂದು ಎಳ್ಳು ಬಾಯಿಗೆ ಹಾಕಿಕೊಂಡೆ. ಶಿಕ್ಷಕಿಯ ಮುಂದೆ ಮಾತು ಹೊರಡದಿದ್ದದ್ದು ಗಾಬರಿಗೆ ಎನ್ನಬಹುದು. ಇಲ್ಲಿ ಆಡದಿದ್ದದ್ದು ಬರೀ ಹೇಡಿತನ.

ಸೋಮವಾರದಿಂದ ಕಾಗದಪತ್ರ ಶುರುಮಾಡಿದೆ. ಶಿಕ್ಷಕಿಗೆ ಮೇಲ್ ಬರೆದೆ: ನನ್ನ ಟಿಪ್ಪಣಿಯಲ್ಲಿ ಶ್ರಮ ಅಂದದ್ದು ಮೆಚ್ಚುಗೆ, ಅದು ಕೊರತೆಯ ಲೆಕ್ಕವಲ್ಲ. ಹೊಸ ಬಗೆಯ ಪ್ರಶ್ನೆಯನ್ನು ಯಾರಾದರೂ ಮೂರು ಸಲ ಮಾಡಿಯೇ ಕಲಿಯುವುದು. ಗಣಿತದಲ್ಲಿ ಅವಳಿಗೆ ನಾನು ಒಂದು ದಿನವೂ ಸುಳಿವು ಕೊಟ್ಟಿಲ್ಲ. ಮೂರು ದಿನಕ್ಕೆ ಉತ್ತರ ಬಂತು, ಸೌಜನ್ಯದಿಂದ ಕೂಡಿತ್ತು. ಫೆಬ್ರವರಿಯ ಪರೀಕ್ಷೆ ಹೇಗೂ ಇದೆ, ಕಾದು ನೋಡೋಣ. ಮುಖ್ಯೋಪಾಧ್ಯಾಯರನ್ನು ಕಂಡೆ. ಅಡ್ವೀಸ್ ಕೊಡುವುದು ಒಬ್ಬರಲ್ಲ, ಒಂದು ತಂಡ. ಹಲವು ವರ್ಷದ ಅಂಕ ನೋಡುತ್ತಾರೆ, ಕೆಲಸದ ರೀತಿ ನೋಡುತ್ತಾರೆ ಎಂದು ವಿವರಿಸಿ, ಒಂದು ಕರಪತ್ರ ಕೈಗಿಟ್ಟರು.

ನನ್ನ ಮೇಲಧಿಕಾರಿ ಎಲ್ಲ ಕೇಳಿಸಿಕೊಂಡರು. ಅವರಿಗೆ ಆಶ್ಚರ್ಯವೇ ಆಗಲಿಲ್ಲ, ಅದು ನನ್ನನ್ನು ಇನ್ನಷ್ಟು ಕುಗ್ಗಿಸಿತು. ತಮಗೂ ಐವತ್ತು ವರ್ಷದ ಹಿಂದೆ ಇದೇ ಊರಿನಲ್ಲಿ ಹೊಲಿಗೆ ಶಾಲೆಗೆ ಹೋಗೆಂದು ಹೇಳಿದ್ದರಂತೆ. “ನಾನು ಎರಡು ಸಾಲು ಸಾಕು ಅಂದಿದ್ದು ಯಾಕೆ ಅಂದ್ಕೊಂಡಿರಿ?” ಎಂದು ಕೇಳಿದರು. ನಗುವಾಗ ಹೇಳಿದ್ದನ್ನು ನಾನು ನಗುವೆಂದೇ ತಿಳಿದಿದ್ದೆ.

ಚರ್ಚಿನಲ್ಲಿ ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ತಂದೆತಾಯಿಗಳ ಸಭೆ ಸೇರಿತು. ನಾನು ಎದ್ದು ನಿಂತು, ತಪ್ಪು ನನ್ನದು ಎಂದು ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಒಬ್ಬರು ನನಗೆ ಅನ್ನ, ಮೀನಿನ ಸಾರು ಹಾಕಿಕೊಟ್ಟರು. ನಾನು ಮೀನು ತಿನ್ನುವುದಿಲ್ಲವೆಂದು ಗೊತ್ತಾಗಿ ಬರೀ ಅನ್ನಕ್ಕೆ ಹುರಿದ ಬಾಳೆಕಾಯಿ ತಂದರು. ಚರ್ಚಿನ ಹಿರಿಯರು ಹುಡುಗಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಹುಡುಗಿ ಕಣ್ಣು ಬಿಟ್ಟುಕೊಂಡೇ ನಿಂತಿದ್ದಳು.

ಫೆಬ್ರವರಿಯವರೆಗೆ ನಾವು ಮೂರು ವಾರ ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಕೂತೆವು. ಗಡಿಯಾರ ಇಟ್ಟುಕೊಂಡು, ಮಾತಿಲ್ಲದೆ, ಶಾಲೆಯಲ್ಲಿ ಕೂರಿಸುವ ಹಾಗೆಯೇ. ನಾನು ಹತ್ತಿರವೂ ಹೋಗುತ್ತಿರಲಿಲ್ಲ. ಒಂದು ದಿನ ಅವಳು ಪತ್ರಿಕೆ ಮುಗಿಸಿ ತಂದುಕೊಟ್ಟು, “ಯೂಫ್, ಇದನ್ನ ಮಾಡಿದೀನಿ ಅಂತ ಬರೀತೀರಾ?” ಎಂದು ಕೇಳಿದಳು. ಇಲ್ಲ ಎಂದೆ. ತಲೆಯಾಡಿಸಿ ಜಾಕೆಟ್ ಹಾಕಿಕೊಂಡಳು. ಹನ್ನೊಂದು ವರ್ಷದ ಮಗುವಿಗೆ ಎಲ್ಲ ತಿಳಿದುಹೋಗಿತ್ತು.

ಮಾರ್ಚ್ ಮಧ್ಯದಲ್ಲಿ ಫಲಿತಾಂಶ ಬಂತು. ಪರೀಕ್ಷೆ ಅವಳಿಗೆ ಹಾವೊ ಎಂದು ಹೇಳಿತು. ತಾಯಿ ಆಸ್ಪತ್ರೆಯಿಂದ ಕೆಲಸದ ನಡುವೆಯೇ ಫೋನು ಮಾಡಿ ಅತ್ತರು, ನಾನೂ ಅತ್ತೆ. ಪರೀಕ್ಷೆಯ ಫಲ ಅಡ್ವೀಸಿಗಿಂತ ಮೇಲಿದ್ದರೆ ಶಾಲೆ ಅಡ್ವೀಸನ್ನು ಮೇಲೆತ್ತಲೇಬೇಕು ಎಂಬ ನಿಯಮವಿದೆ. ಅದಕ್ಕೊಂದು ಬಾಲವೂ ಇದೆ: ಹಾಗೆ ಎತ್ತುವುದು ಮಗುವಿಗೆ ಒಳ್ಳೆಯದಲ್ಲವೆಂದು ಶಾಲೆ ಕಾರಣ ಬರೆದುಕೊಟ್ಟರೆ ಬಿಡಬಹುದು.

ಆ ಕಾರಣ ಎಲ್ಲಿಂದ ಬರುತ್ತದೆಂದು ನನಗೆ ಗೊತ್ತಿತ್ತು. ಮಾರನೆಯ ದಿನವೇ ಒಂದು ಪತ್ರ ಬರೆದೆ. ನನ್ನ ಟಿಪ್ಪಣಿಗಳನ್ನೆಲ್ಲ ವಾಪಸ್ ಪಡೆಯುತ್ತೇನೆ, ಯಾವ ಮಗುವಿನ ಅಡ್ವೀಸಿಗೂ ಅವುಗಳನ್ನು ಬಳಸಬಾರದು, ಇನ್ನು ಮುಂದೆ ಬರೆಯುವುದೂ ಇಲ್ಲ ಎಂದು. ಮೇಲಧಿಕಾರಿ ಓದಿ ಕನ್ನಡಕ ತೆಗೆದರು. ಜೂನ್‌ನಲ್ಲಿ ಒಪ್ಪಂದ ಹೊಸದಾಗಬೇಕು, ಉಳಿದ ಹದಿಮೂರು ಮಕ್ಕಳಿದ್ದಾರೆ, ಶಾಲೆ ಕೈತೊಳೆದುಕೊಂಡರೆ ಅವರೆಲ್ಲಿಗೆ ಹೋಗಬೇಕು ಎಂದರು. ಕಳಿಸಬೇಡಿ ಎಂದು ಮಾತ್ರ ಹೇಳಲಿಲ್ಲ. ನಾನು ಕಳಿಸಿದೆ.

ಎರಡನೆಯ ಭೇಟಿಗೆ ಈ ಸಲ ಹದಿನೈದು ನಿಮಿಷ ಕೊಟ್ಟರು. ತಾಯಿಗೆ ನಾನು ಏನನ್ನೂ ಹೇಳಿಕೊಟ್ಟಿರಲಿಲ್ಲ. ಅವರೇ ಮೊದಲು ಮಾತಾಡಿದರು, ಕುರ್ಚಿಯ ತುದಿಯಲ್ಲಿ ಕೂತು, ನಿಧಾನ ಇಂಗ್ಲಿಷಿನಲ್ಲಿ. ಪರೀಕ್ಷೆ ಅವಳು ಒಬ್ಬಳೇ ಬರೆದಳು, ನನ್ನ ಮಗಳಿಗೆ ಹಾವೊ ಕೊಡಿ ಎಂದರು. ಆಮೇಲೆ ನಾನು ನನ್ನ ಮಗಳ ವಿಷಯ ತೆಗೆದೆ. ವಾರಕ್ಕೆ ಆರು ದಿನ, ಹತ್ತು ಹತ್ತು ಸಲ, ಮತ್ತು ಅವಳಿಗೆ ಸಿಕ್ಕಿದ್ದು ವಿಡಬ್ಲ್ಯುಒ. ಗಂಡನ ಒಪ್ಪಿಗೆ ಕೇಳಿದ್ದೆ, ಮಗಳದ್ದೂ ಕೇಳಿದ್ದೆ.

ಶಿಕ್ಷಕಿಯ ಮುಖ ಕೆಂಪಾಯಿತು.

“ಅದು ಬೇರೆ ಶಾಲೆ,” ಅಂದಳು. “ಆ ಮಗುವಿನ ಬಗ್ಗೆ ನಾನು ಏನೂ ಹೇಳೋಕಾಗಲ್ಲ. ನಾನು ಇವಳನ್ನ ಮಾತ್ರ ನೋಡ್ಬೇಕು.”

ಸುಳ್ಳಲ್ಲ. ಅವಳ ಮಟ್ಟಿಗೆ ಅದು ನ್ಯಾಯವೇ. ಎದುರಿಗೆ ಕೂತ ಮಗುವನ್ನು ಮಾತ್ರ ನೋಡುವುದು ಒಳ್ಳೆಯ ಟೀಚರ ಲಕ್ಷಣ ಎಂದು ನಾನೇ ಬೇರೆಯವರಿಗೆ ಹೇಳಿದ್ದೆ. ನಾನು ವಾಪಸ್ ಪಡೆದ ಟಿಪ್ಪಣಿಗಳ ಬಗ್ಗೆ ಕೇಳಿದೆ. ಅವು ಫೈಲಿಗೆ ಸೇರಿ ಆಗಿದೆ, ತೆಗೆಯಲು ಬರುವುದಿಲ್ಲ. ನನ್ನ ಪತ್ರವನ್ನೂ ಅವುಗಳ ಹಿಂದೆ ಸೇರಿಸಿದ್ದಾರೆ ಎಂದಳು.

ಕೊನೆಯ ಅಡ್ವೀಸ್ ಆ ವಾರದ ಕೊನೆಗೆ ಬಂತು. ಮೇಲೆತ್ತಿದ್ದರು, ಒಂದೇ ಮೆಟ್ಟಿಲು. ವಿಎಂಬಿಒದ ಮೇಲಿನ ಹಂತ. ಹಾವೊ ಅಲ್ಲ. ಕಾರಣದ ಜಾಗದಲ್ಲಿ, ಪರೀಕ್ಷೆಯ ಫಲವೂ ತೀವ್ರವಾದ ತಯಾರಿಯಿಂದ ಬಂದದ್ದು, ಹೊರಗಿನ ನೆರವಿನ ಟಿಪ್ಪಣಿಗಳನ್ನು ನೋಡಿ ಎಂದಿತ್ತು. ಶಾಲೆಗೆ ದೂರು ಕೊಡಬಹುದಿತ್ತು, ಕೊಟ್ಟೆವು. ಅದು ವಿಚಾರಣೆಗೆ ಬರುವ ಹೊತ್ತಿಗೆ ಹಾವೊ ಶಾಲೆಗಳಲ್ಲಿ ಹೆಸರು ನೋಂದಾಯಿಸುವ ವಾರ ಮುಗಿದಿತ್ತು. ದೂರಿಗೆ ಬಂದ ಉತ್ತರದಲ್ಲಿ ನಿಯಮ ಪಾಲನೆಯಾಗಿದೆ ಎಂದಿತ್ತು. ಆಗಿತ್ತು ಕೂಡ. ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಹರಡಿಕೊಂಡು, ಎಲ್ಲಿ ಯಾರು ತಪ್ಪಿದರು ಎಂದು ಹುಡುಕಿದೆ. ನಿಯಮ ಕೇಳಿದ್ದಕ್ಕಿಂತ ಹೆಚ್ಚಿಗೆ ಬರೆದವಳು ನಾನೊಬ್ಬಳೇ.

ಏಪ್ರಿಲ್‌ನಿಂದ ಹುಡುಗಿ ಬರುವುದನ್ನು ನಿಲ್ಲಿಸಿದಳು.

ಜೂನ್‌ನಲ್ಲಿ ಒಪ್ಪಂದ ಹೊಸದಾಯಿತು. ನನ್ನ ಪತ್ರದಿಂದ ಒಂದು ಬದಲಾವಣೆ ಆಗಿತ್ತು. ಉದ್ದನೆಯ ಟಿಪ್ಪಣಿ ಗೊಂದಲಕ್ಕೆ ಎಡೆಮಾಡುತ್ತದೆ ಎಂದು ಶಾಲೆ ಒಪ್ಪಿಕೊಂಡಿತು. ಅದರ ಬದಲು ಒಂದು ಸಣ್ಣ ನಮೂನೆ ತಂದರು. ಮಗುವಿನ ಹೆಸರು. ಶಾಲೆಯ ಹೊರಗೆ ನೆರವು ಸಿಗುತ್ತಿದೆಯೇ, ಹೌದು ಅಥವಾ ಇಲ್ಲ. ವಾರಕ್ಕೆ ಎಷ್ಟು ಗಂಟೆ. ಅಷ್ಟೇ. ನಮ್ಮ ತರಗತಿಗೆ ಬರುವ ಮಕ್ಕಳಿಗೆ ಮಾತ್ರ ಅದನ್ನು ತುಂಬಬೇಕು. ನನ್ನ ಮಗಳ ಶಾಲೆಯಲ್ಲಿ ಅಂಥದ್ದೊಂದು ಚೌಕ ಇದೆಯೇ ಎಂದು ವಿಚಾರಿಸಿದೆ. ಇರಲಿಲ್ಲ. ಮೇಲಧಿಕಾರಿ ಈ ನಮೂನೆಯನ್ನು ತೆಗೆಸಲು ಮೂರು ಸಭೆಗಳಲ್ಲಿ ಹೋರಾಡಿದರು. ಇದಿಲ್ಲದೆ ಶಾಲೆ ಸಹಿ ಹಾಕುವುದಿಲ್ಲ ಎಂದಾಗ ಅವರೇ ಪೆನ್ನು ತೆಗೆದು ಸಹಿ ಹಾಕಿದರು. ಹದಿಮೂರು ಮಕ್ಕಳು.

ನಾನು ಕೆಲಸ ಬಿಡಲೇ ಎಂದು ಬೇಸಿಗೆಯೆಲ್ಲ ಯೋಚಿಸಿದೆ. ಬಿಡಲಿಲ್ಲ. ಅದು ಧೈರ್ಯವೇನಲ್ಲ. ಬಿಟ್ಟರೆ ಬುಧವಾರ ಮಧ್ಯಾಹ್ನ ಮನೆಯಲ್ಲಿ ಕೂತು ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ಸೆಪ್ಟೆಂಬರ್‌ನ ಮೊದಲ ಬುಧವಾರ ಮೇಜು ಬಿಚ್ಚುತ್ತಿದ್ದೆ, ಬಾಗಿಲಲ್ಲಿ ತಾಯಿ ನಿಂತಿದ್ದರು. ಜೊತೆಗೆ ಚಿಕ್ಕ ಮಗಳು, ಈಗ ಏಳನೇ ತರಗತಿಗೆ ಬಂದವಳು. ಹಿಂದೆ ಆ ಹುಡುಗಿ, ಒಂದೇ ಬೇಸಿಗೆಯಲ್ಲಿ ನನ್ನ ಭುಜದೆತ್ತರಕ್ಕೆ ಬೆಳೆದಿದ್ದಳು. ಅವಳೇ ಬಂದು ಮೇಜಿನ ಇನ್ನೊಂದು ತುದಿ ಹಿಡಿದಳು. ಹೊಸ ಶಾಲೆಯಲ್ಲಿ ಗಣಿತ ಹೇಗಿದೆ ಎಂದು ಕೇಳಿದೆ.

“ಬೇಗ ಮುಗಿದುಹೋಗುತ್ತೆ, ಯೂಫ್,” ಅಂದಳು. “ಆಮೇಲೆ ಸುಮ್ಮನೆ ಕೂತಿರ್ತೀನಿ.”

ಹಾಜರಿ ಹಾಳೆ, ಹೊಸ ನಮೂನೆಗಳ ಕಟ್ಟು, ಪೆನ್ನು ಮೇಜಿನ ಮೇಲಿದ್ದವು. ತಂಗಿಯ ಹೆಸರು ಬರೆಯಲು ಪೆನ್ನು ಕೈಗೆತ್ತಿಕೊಂಡೆ. ತಾಯಿ ಮುಂದೆ ಬಂದು ಹಾಳೆಯ ಮೇಲೆ ಕೈಯಿಟ್ಟರು. ಜೋರಾಗಿಯಲ್ಲ, ಮೆಲ್ಲಗೆ, ಅಂಗೈ ಅಗಲಿಸಿ.

“ಕಲಿಸಿ, ಸಿಸ್ಟರ್. ನಿಮ್ಮಷ್ಟು ಚೆನ್ನಾಗಿ ಯಾರೂ ಕಲಿಸಲ್ಲ. ಆದ್ರೆ ಹೆಸರು ಬರೀಬೇಡಿ.”

ಹೆಸರಿಲ್ಲದ ಮಗುವನ್ನು ಕೂರಿಸಿಕೊಳ್ಳಲು ನನಗೆ ಅಧಿಕಾರವಿಲ್ಲ. ಬೆಂಕಿಗಿಂಕಿ ಬಿದ್ದರೆ ಯಾರು ಹೊಣೆ ಎಂದು ಕೇಂದ್ರದಲ್ಲಿ ಪ್ರತಿ ವರ್ಷ ಪಾಠ ಮಾಡುತ್ತಾರೆ. ನಾನು ಪೆನ್ನಿನ ಮುಚ್ಚಳ ಹಾಕಿದೆ.

ಅವತ್ತು ತಂಗಿಗೆ ಭಿನ್ನರಾಶಿಗಳನ್ನು ಕೂಡುವುದು ಹೇಳಿಕೊಟ್ಟೆ. ಛೇದ ಬೇರೆ ಬೇರೆ ಇರುವಂಥದ್ದು. ಮೊದಲ ಸಲ ಮಗು ತಪ್ಪು ಮಾಡಿತು. ಎರಡನೆಯ ಸಲವೂ ತಪ್ಪು. ಅಕ್ಕ ಗೋಡೆಯ ಹತ್ತಿರ ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಮೂರನೆಯ ಸಲ ಮಗು ತುಟಿ ಕಚ್ಚಿಕೊಂಡು, ರಬ್ಬರಿನಿಂದ ಎಲ್ಲ ಒರೆಸಿ, ಮೊದಲಿನಿಂದ ಶುರುಮಾಡಿತು. ನಾಲ್ಕನೆಯ ಸಲ ಸರಿ ಮಾಡಿತು. ಒಂದೂವರೆಯಿಂದ ಮೂರೂವರೆವರೆಗೆ ಒಮ್ಮೆಯೂ ಕೂತಲ್ಲಿಂದ ಏಳಲಿಲ್ಲ. ಎಷ್ಟು ಶ್ರಮ ಪಟ್ಟಿತು ಎಂದು ನಾನು ಎಲ್ಲಿಯೂ ಬರೆಯಲಿಲ್ಲ.